ಕ್ಲಚ್ ಹಿಡಿಯುವ ಕೈ

ನೀರಿನ ಬಾಟಲಿಯ ಮುಚ್ಚಳ ತೆಗೆಯಬೇಕಾದಾಗ ನನ್ನ ತಮ್ಮ ಬಾಟಲಿಯನ್ನು ಎರಡು ಮಂಡಿಗಳ ನಡುವೆ ಒತ್ತಿ ಹಿಡಿದುಕೊಂಡು ಬಲಗೈಯಲ್ಲಿ ತಿರುಗಿಸುತ್ತಾನೆ. ಎಡಗೈ ತೊಡೆಯ ಮೇಲೆ ಸುಮ್ಮನೆ ಇರುತ್ತದೆ. ಕಂಡವರಿಗೆ ಅದು ಸೋಮಾರಿ ಹುಡುಗನ ಅಭ್ಯಾಸದಂತೆ ಕಾಣಬಹುದು. ಹಾಗೇ ಕಾಣಲಿ ಎಂದು ಅವನೂ ಆ ಹೊತ್ತಿಗೆ ಏನಾದರೊಂದು ಮಾತು ತೆಗೆಯುತ್ತಾನೆ.

ಅವನ ಎಡ ಮಣಿಕಟ್ಟಿನೊಳಗೆ ಒಂದು ಲೋಹದ ಪಟ್ಟಿ, ಕೆಲವು ಸ್ಕ್ರೂಗಳು ಇವೆ. ಕಳೆದ ಮಳೆಗಾಲದಲ್ಲಿ ಹಾಗಲವಾಡಿಯ ಆಚೆ ಒಂದು ಕಲ್ಲುಗುಡ್ಡ ಇಳಿಯುವಾಗ ಬೈಕಿನ ಸಮೇತ ಬಿದ್ದ. ಕೈ ಕೆಳಗೆ, ಹ್ಯಾಂಡಲ್ ಮೇಲೆ. ತುಮಕೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು ಕೊನೆಯ ಸಲ ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಕೆಲಸಕ್ಕೆ ಹೋಗಬಹುದು ಎಂದರು. ಆಮೇಲೆ ಎಕ್ಸ್‌ರೇಯನ್ನು ಕವರಿಗೆ ಹಾಕುತ್ತಾ, ಇನ್ನೊಂದು ಸಲ ಇದೇ ಜಾಗಕ್ಕೆ ಏಟು ಬಿದ್ದರೆ ಕೈಯ ಹಿಡಿತ ಉಳಿಯುವುದು ಕಷ್ಟ ಎಂದರು. ತಮ್ಮ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಾನೆ. ಎರಡು ಕೈಯೂ ಬೇಕಾದ ಕೆಲಸ.

ಡಾಕ್ಟರ ಮಾತನ್ನು ನಾವಿಬ್ಬರೂ ಒಟ್ಟಿಗೆ ಕೇಳಿಸಿಕೊಂಡೆವು. ಮನೆಗೆ ಬಂದ ಮೇಲೆ ಅಮ್ಮನಿಗೆ ಮೊದಲನೆಯ ಭಾಗವನ್ನು ಅವನು ಹೇಳಿದ. ಎರಡನೆಯ ಭಾಗವನ್ನು ನಾನು ಹೇಳಬೇಕಾಯಿತು.

ನಮ್ಮ ಮನೆ ಗುಬ್ಬಿಯ ಹೊರಗಿದೆ. ಅಪ್ಪನಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಮನೆಯ ಹಿಂದೆ ಒಂದಿಷ್ಟು ತೆಂಗಿನ ತೋಟ. ನಾನು ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ತಮ್ಮ ವಾರವೆಲ್ಲ ಕಾರ್ಖಾನೆಗೆ ಹೋಗಿ, ಭಾನುವಾರ ನಾಲ್ಕೈದು ಸ್ನೇಹಿತರ ಜೊತೆ ರಸ್ತೆ ಇಲ್ಲದ ಕಡೆ ಬೈಕ್ ಓಡಿಸುತ್ತಾನೆ. ಬತ್ತಿದ ಕೆರೆಯ ಅಂಗಳ, ಕಲ್ಲುಗುಡ್ಡ, ಕೊರಕಲು ಬಿದ್ದ ಗಾಡಿದಾರಿ. ಅದು ಯಾಕೆ ಬೇಕು ಎಂದು ಅಮ್ಮ ಕೇಳಿದಾಗಲೆಲ್ಲ ಅವನು ನಗುತ್ತಿದ್ದ. ಒಮ್ಮೆ ಮಾತ್ರ ಉತ್ತರ ಕೊಟ್ಟ.

"ಫ್ಯಾಕ್ಟ್ರೀಲಿ ಮೆಷಿನ್ ಹೇಳ್ದಂಗೆ ನಾನ್ ಕೇಳ್ಬೇಕಮ್ಮ. ಅಲ್ಲಿ ನಾನ್ ಹೇಳ್ದಂಗೆ ಮೆಷಿನ್ ಕೇಳುತ್ತೆ."

"ಕೇಳಿದ್ದಕ್ಕೇ ಕೈ ಮುರ್ಕಂಡ್ ಬಂದಿರೋದಾ?" ಎಂದರು ಅಮ್ಮ.

ಬಿದ್ದ ಬೈಕು ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ. ಅದು ಹೋಯಿತಲ್ಲ, ಇನ್ನು ಮುಗಿಯಿತು ಎಂದುಕೊಂಡಿದ್ದೆವು. ಮಣಿಕಟ್ಟಿಗೆ ಆಸರೆಗೆಂದು ಕಟ್ಟಿದ್ದ ಬೆಲ್ಟು ಬಿಚ್ಚಿದ ಮೇಲೂ ಅವನು ಕೆಲವು ವಾರ ಬೈಕಿನ ಮಾತೆತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತಾ, ಎರಡು ಗಾಡಿ ನೋಡಿದ್ದೇನೆ ಎಂದ. ಒಂದು ತುಮಕೂರಿನಲ್ಲಿ, ಟೂ-ಸ್ಟ್ರೋಕ್. ಇನ್ನೊಂದು ಕುಣಿಗಲ್ಲಿನಲ್ಲಿ, ಫೋರ್-ಸ್ಟ್ರೋಕ್. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ದುಡ್ಡು ಅವನದೇ.

ಅಮ್ಮ ಅತ್ತರು, ಬೈದರು, ಒಂದು ಹೊತ್ತು ಊಟ ಬಿಟ್ಟರು. ಅಪ್ಪ ಅಂಗಡಿಗೆ ಬೇಗ ಹೋಗತೊಡಗಿದರು. ನಾನು ಹೇಳಬೇಕಾದದ್ದನ್ನು ಒಮ್ಮೆ, ಸ್ಪಷ್ಟವಾಗಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಗೊತ್ತು ಅಕ್ಕ" ಎಂದ. ಅಲ್ಲಿಗೆ 'ಬೇಡ' ಎನ್ನುವ ಮಾತು ಮುಗಿದುಹೋಯಿತು. ಉಳಿದದ್ದು 'ಯಾವುದು' ಎನ್ನುವ ಮಾತು ಮಾತ್ರ. ಅದು ನನ್ನ ಪಾಲಿಗೆ ಬಂತು.

"ನೀನೇ ಹೇಳವ್ವ, ಅದ್ನೇ ಓದಿರೋಳಲ್ವಾ ನೀನು," ಎಂದರು ಅಪ್ಪ, ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಅಮ್ಮನಿಗೆ ಅರ್ಥವಾಗಬೇಕಿತ್ತು. ಅಡುಗೆಮನೆಯಿಂದ ಚಕ್ಕುಲಿ ಒರಳು ತಂದೆ. ಒರಳಿನೊಳಗೆ ಒತ್ತುವ ಭಾಗ ಮೇಲೆ ಹೋಗಿ ಕೆಳಗೆ ಬರುವುದನ್ನು ತೋರಿಸಿದೆ. ಟೂ-ಸ್ಟ್ರೋಕ್ ಆದರೆ ಹೀಗೆ ಒಂದು ಸಲ ಹೋಗಿ ಬರುವಷ್ಟರಲ್ಲಿ ಒಳಗೆ ಪೆಟ್ರೋಲು ಒಂದು ಸಲ ಉರಿಯುತ್ತದೆ, ಪ್ರತಿ ಸುತ್ತಿಗೂ ಒಂದು ಏಟು. ಫೋರ್-ಸ್ಟ್ರೋಕ್ ಆದರೆ ಎರಡು ಸಲ ಹೋಗಿ ಬಂದರೆ ಒಂದೇ ಏಟು. ಇನ್ನೊಂದು ಸುತ್ತು ಹೊಗೆ ಹೊರಗೆ ಹಾಕುವುದಕ್ಕೆ, ಹೊಸ ಗಾಳಿ ಎಳೆದುಕೊಳ್ಳುವುದಕ್ಕೆ.

"ಅಂದ್ರೆ ಟೂ-ಸ್ಟ್ರೋಕು ಪ್ರತಿ ಸಲಾನೂ ರೇಗುತ್ತೆ. ಫೋರು ಒಂದ್ಸಲ ರೇಗಿದ್ರೆ ಒಂದ್ಸಲ ಸುಮ್ಕಿರುತ್ತೆ."

"ಹ್ಞೂಂ, ಹೆಚ್ಚುಕಮ್ಮಿ ಹಂಗೇ."

"ಹಂಗಾದ್ರೆ ಫೋರು ನಿಮ್ಮಪ್ಪ, ಟೂ ಇವ್ನು." ಅಮ್ಮ ಒರಳನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಿಮ್ಮಪ್ಪನಂಥದ್ದೇ ತರ್ಸು. ಯಾವತ್ತಾನ ಬಿದ್ದವ್ರಾ ಅವ್ರು?"

ಅಷ್ಟು ಸುಲಭವಾಗಿದ್ದರೆ ಎಂದುಕೊಂಡೆ. ಟೂ-ಸ್ಟ್ರೋಕಿನ ಎಂಜಿನ್‌ನಲ್ಲಿ ಭಾಗಗಳು ಕಡಿಮೆ. ಹಾಗಾಗಿ ಬೈಕು ಹಗುರ. ಕಲ್ಲುಗಳ ನಡುವೆ ಸಿಕ್ಕಿಕೊಂಡಾಗ ಎತ್ತುವುದು, ವಾಲಿದಾಗ ತಡೆಯುವುದು ಸಲೀಸು. ಆದರೆ ಅದರ ಬಲ ಒಮ್ಮೆಲೇ ಬರುತ್ತದೆ. ಆ ಬಲವನ್ನು ಹಿಡಿತದಲ್ಲಿಡಲು ಕ್ಲಚ್ಚನ್ನು ಮತ್ತೆ ಮತ್ತೆ ಹಿಡಿದು ಬಿಡುತ್ತಿರಬೇಕು. ಕ್ಲಚ್ ಇರುವುದು ಎಡಗೈಗೆ. ಫೋರ್-ಸ್ಟ್ರೋಕಿನ ಬಲ ಕೆಳಗಿನಿಂದಲೇ ಸಮನಾಗಿ ಬರುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಬೈಕನ್ನು ಹಿಂದಕ್ಕೆ ಹಿಡಿಯುತ್ತದೆ, ಕ್ಲಚ್ ಕೆಲಸ ಕಡಿಮೆ. ಆದರೆ ಬೈಕು ಭಾರ. ವಾಲಿತೆಂದರೆ ಆ ಭಾರವೆಲ್ಲ ಬರುವುದು ಮಣಿಕಟ್ಟಿಗೆ. ಒಂದು ಎಂಜಿನ್ ಆ ಕೈಯನ್ನು ದಿನವೆಲ್ಲ ದಣಿಸುತ್ತದೆ. ಇನ್ನೊಂದು ಯಾವಾಗಲೋ ಒಮ್ಮೆ, ಆ ಕೈಯ ಬಲವನ್ನೆಲ್ಲ ಒಟ್ಟಿಗೇ ಕೇಳುತ್ತದೆ. ಎರಡರಲ್ಲಿ ಮುರಿದ ಕೈಗೆ ಯಾವುದು ವಾಸಿ ಎಂದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಶನಿವಾರ ಕಾಲೇಜು ಬೇಗ ಬಿಟ್ಟಿತು. ತಮ್ಮ ಬಂದು ನನ್ನನ್ನು ಆ ಟೂ-ಸ್ಟ್ರೋಕ್ ಮಾರುತ್ತಿದ್ದ ಮೆಕ್ಯಾನಿಕ್‌ನ ಹತ್ತಿರ ಕರೆದುಕೊಂಡು ಹೋದ. ತುಮಕೂರಿನ ಒಂದು ಅಡ್ಡರಸ್ತೆಯಲ್ಲಿ ಅವರ ಗ್ಯಾರೇಜು. ಹಳೆಯ ಟೂ-ಸ್ಟ್ರೋಕ್ ಗಾಡಿಗಳನ್ನು ಎಲ್ಲೆಲ್ಲಿಂದಲೋ ತಂದು, ದೀಪ, ಮಡ್‌ಗಾರ್ಡು ಎಲ್ಲ ಕಿತ್ತು, ಎತ್ತರದ ಹ್ಯಾಂಡಲ್, ಗುಬಟು ಗುಬಟಿನ ಟೈರು ಹಾಕಿ ಮಣ್ಣಿಗೆ ಇಳಿಸುವುದು ಅವರ ಕಸುಬು. ಟೂ-ಸ್ಟ್ರೋಕಿನ ಮೇಲೆ ಅವರಿಗಿದ್ದದ್ದು ಅಭಿಪ್ರಾಯವಲ್ಲ, ಭಕ್ತಿ.

"ಬನ್ನಿ ಅಕ್ಕ. ನಿಮ್ ತಮ್ಮ ಹೇಳ್ದ, ಇಂಟರ್‌ವ್ಯೂ ಮಾಡಕ್ಕೆ ಅಕ್ಕನ್ನ ಕರ್ಕೊಂಬರ್ತೀನಿ ಅಂತ." ಒಂದು ಕೈಯಲ್ಲಿ ಬೈಕಿನ ಹಿಂಭಾಗ ಹಿಡಿದು ನೆಲದಿಂದ ಎತ್ತಿ ತೋರಿಸಿದರು. "ನೋಡಿ, ಮೇಕೆಮರಿ. ಫೋರ್-ಸ್ಟ್ರೋಕು ಹಿಂಗ್ ಎತ್ತಿ ನೋಡನ? ಅದು ಎಮ್ಮೆ ಅಕ್ಕ. ಮಲಗಿದ್ರೆ ಊರೇ ಬರ್ಬೇಕು ಎಬ್ಬಿಸಕ್ಕೆ."

ತಮ್ಮ ನಕ್ಕ. ಎಷ್ಟೋ ತಿಂಗಳ ಮೇಲೆ ಅವನ ಆ ನಗು ಕೇಳಿದೆ.

ಕಿಕ್ ಹೊಡೆದರು. ಅಡ್ಡರಸ್ತೆಯ ತುಂಬ ನೀಲಿ ಹೊಗೆ. ಎದುರು ಮನೆಯ ಹೆಂಗಸೊಬ್ಬರು ಕಿಟಕಿ ಮುಚ್ಚಿಕೊಂಡು ಏನೋ ಬೈದರು. ಎಣ್ಣೆ ಪೆಟ್ರೋಲಿನ ಜೊತೆ ಉರಿಯುವುದರಿಂದ ಆ ಹೊಗೆ. ಫೋರ್-ಸ್ಟ್ರೋಕಿನಲ್ಲಿ ಎಣ್ಣೆಗೆ ತನ್ನದೇ ಜಾಗವಿದೆ. ಟೂ-ಸ್ಟ್ರೋಕಿನಲ್ಲಿ ಎಂಜಿನ್‌ನ ಒಳಭಾಗಗಳಿಗೆ ಜಿಡ್ಡು ಸಿಗುವುದು ಪೆಟ್ರೋಲಿನ ಜೊತೆ ಬರುವ ಎಣ್ಣೆಯಿಂದಲೇ.

"ಎಣ್ಣೆ ಪಂಪು ಇದ್ಯಾ?" ಎಂದು ಕೇಳಿದೆ.

"ಕಿತ್ತಾಕಿದೀನಿ ಅಕ್ಕ, ಯಾವತ್ತು ಕೈ ಕೊಡುತ್ತೋ ಗೊತ್ತಾಗಲ್ಲ ಅದು. ಪೆಟ್ರೋಲ್‌ಗೇ ಮಿಕ್ಸ್ ಮಾಡಿ ಹಾಕೊಂಡ್ರೆ ಮುಗೀತು. ಲೀಟ್ರಿಗೆ ಮೂವತ್ತು ಎಂಎಲ್. ಕರೆಕ್ಟಾಗ್ ಹಾಕ್ಬೇಕು ಅಷ್ಟೇಯ."

"ಕಡಿಮೆ ಆದ್ರೆ?"

"ಜಾಮ್ ಆಗುತ್ತೆ. ಪಿಸ್ಟನ್ ಹಿಡ್ಕೊಂಬುಡುತ್ತೆ, ಹಿಂದಿನ್ ಚಕ್ರ ಲಾಕು."

"ಓಡ್ತಿರುವಾಗ?"

"ಓಡ್ತಿರುವಾಗ್ಲೇ ಅಲ್ವಾ ಆಗೋದು. ಏನೂ ಆಗಲ್ಲ, ಟಕ್ ಅಂತ ಕ್ಲಚ್ ಹಿಡುದ್ರೆ ಚಕ್ರ ಫ್ರೀ ಆಗುತ್ತೆ. ಗೊತ್ತಿರೋರು ಒಂದ್ ಬೆರಳು ಕ್ಲಚ್ ಮೇಲೇ ಇಟ್ಕೊಂಡಿರ್ತಾರೆ."

"ಎಡಗೈ ಬೆರಳು."

"ಇನ್ಯಾವ್ ಕೈ ಅಕ್ಕ!" ಎಂದು ನಕ್ಕರು. ಆಮೇಲೆ ತಮ್ಮನ ಕೈ ನೆನಪಾಗಿರಬೇಕು, ಎಂಜಿನ್ ಆಫ್ ಮಾಡಿ ಬಟ್ಟೆಯಲ್ಲಿ ಟ್ಯಾಂಕು ಒರೆಸತೊಡಗಿದರು. ತಮ್ಮ ಗೋಡೆಗೆ ನೇತು ಹಾಕಿದ್ದ ಚೈನುಗಳನ್ನು ನೋಡುತ್ತಾ ನಿಂತ.

ಅಲ್ಲಿಂದ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆವು. ಬೈಕು ಮಾರುತ್ತಿದ್ದವರು ಒಬ್ಬ ಸರ್ವೇಯರು. ಕಾರ್ಖಾನೆಯಿಂದಲೇ ಮಣ್ಣಿನ ದಾರಿಗೆಂದು ಬಂದ ಗಾಡಿ, ಚೆನ್ನಾಗಿ ಇಟ್ಟುಕೊಂಡಿದ್ದರು. ಮಗು ಹುಟ್ಟಿದ ಮೇಲೆ ಓಡಿಸಿಲ್ಲವಂತೆ. ಅವರ ಹೆಂಡತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ತಗೊಂಡೋಗ್ಬುಡಿ ಅಕ್ಕ, ಪುಣ್ಯ ಬರುತ್ತೆ ನಿಮ್ಗೆ," ಎಂದರು ನನಗೆ. "ನಮ್ಮನೆ ಕಾಟ ನಿಮ್ಮನೆಗ್ ಬರ್ತದೆ, ಅದೊಂದೇ ಬೇಜಾರು."

"ನೀನ್ ಒಳಗ್ ನಡಿ ಮಾರಾಯ್ತಿ, ವ್ಯಾಪಾರ ಕೆಡಿಸ್ಬೇಡ," ಎಂದರು ಸರ್ವೇಯರು.

ಊರ ಹೊರಗೆ ಒಂದು ಏರಿಳಿತದ ಬೀಳು ಜಮೀನಿತ್ತು. ತಮ್ಮ ಓಡಿಸಿ ನೋಡಿದ. ದಿಬ್ಬದ ಮೇಲಿಂದ ಇಳಿಯುವಾಗ ಬೈಕು ಅವಸರಪಡಲಿಲ್ಲ. ಯಾರೋ ಹಿಂದಿನಿಂದ ಹಗ್ಗ ಹಿಡಿದಿರುವ ಹಾಗೆ ನಿಧಾನವಾಗಿ ಇಳಿಯಿತು. ಅವನ ಎಡಗೈಗೆ ಹೆಚ್ಚು ಕೆಲಸವೇ ಇರಲಿಲ್ಲ. ಅಮ್ಮ ಹೇಳಿದ್ದೇ ಸರಿ, ಇದೇ ಇರಲಿ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ವಾಪಸು ಹತ್ತುವಾಗ ಒಂದು ಬಂಡೆಯ ಪಕ್ಕ ಎಂಜಿನ್ ನಿಂತಿತು. ಬೈಕು ಎಡಕ್ಕೆ ವಾಲಿತು. ಕಾಲು ಕೊಟ್ಟ, ನೆಲ ಸಿಗಲಿಲ್ಲ. ಎಡಗೈಯಲ್ಲಿ ಹ್ಯಾಂಡಲ್ ಒತ್ತಿ ಹಿಡಿದ. ದೂರದಲ್ಲಿದ್ದರೂ ಆ ಕೈ ನಡುಗುವುದು ಕಂಡಿತು. ನಾನು ಓಡಿದೆ, ಓಡಿ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅಷ್ಟರಲ್ಲಿ ಸರ್ವೇಯರು ಹೋಗಿ ಹಿಂದಿನಿಂದ ಹಿಡಿದುಕೊಂಡರು. ಇಬ್ಬರೂ ಸೇರಿ ನೆಟ್ಟಗೆ ಮಾಡಿದರು.

"ಸ್ವಲ್ಪ ಭಾರ ಗುರು ಇದು. ಒಬ್ರೇ ಇದ್ರೆ ಬುಟ್ಬುಡಿ, ಬೀಳ್ಲಿ. ಗಾಡಿಗೇನೂ ಆಗಲ್ಲ," ಎಂದರು ಅವರು.

"ಅಭ್ಯಾಸ ಆದ್ರೆ ಸರಿಹೋಗುತ್ತೆ," ಎಂದ ತಮ್ಮ. ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಬಸ್ ಸ್ಟ್ಯಾಂಡ್ ತಲುಪುವವರೆಗೂ ಅದನ್ನು ಹೊರಗೆ ತೆಗೆಯಲಿಲ್ಲ.

ಸರ್ವೇಯರಿಗೆ ಇನ್ನೊಬ್ಬರು ಗಿರಾಕಿ ಸಿಕ್ಕಿದ್ದರು. ಭಾನುವಾರ ಸಂಜೆಯೊಳಗೆ ಹೇಳಿ ಎಂದಿದ್ದರು.

ಮನೆಯಲ್ಲಿ ಅಮ್ಮ ಕೇಳಿದರು, "ಏನಂತೀಯ?"

"ಎರಡೂ ಕಷ್ಟ. ಒಂದಕ್ಕೆ ಒಂದು ಕಷ್ಟ, ಇನ್ನೊಂದಕ್ಕೆ ಇನ್ನೊಂದು."

"ಅಷ್ಟ್ ಓದಿ ಇಷ್ಟೇಯಾ ಹೇಳೋದು?"

ಬೇಸರದಿಂದ ಹೇಳಿದ್ದಲ್ಲ, ನಿಜವಾಗಿಯೂ ಆಶ್ಚರ್ಯದಿಂದ ಕೇಳಿದರು. ಆಮೇಲೆ, "ನಾಳೆ ಚೇಳೂರ್ ಕಡೀಕೆ ಹೋಗನ. ಪ್ರಸಾದ ಕೇಳನ," ಎಂದರು.

ಚೇಳೂರಿನ ಹತ್ತಿರ ನಮ್ಮ ಮನೆದೇವರ ಗುಡಿಯಿದೆ. ನಮ್ಮ ಕಡೆಯವರು ಯಾವುದಾದರೂ ನಿರ್ಧಾರಕ್ಕೆ ಬರಲಾಗದಿದ್ದರೆ ಅಲ್ಲಿಗೆ ಹೋಗಿ ಪ್ರಸಾದ ಕೇಳುತ್ತಾರೆ. ಪೂಜಾರಿ ಹೂವುಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕೂತಿರಬೇಕು, ಬಾಯಿಬಿಟ್ಟು ಹೇಳಬಾರದು. ಬಲಗಡೆಯ ಹೂವು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಹೆಣ್ಣು ಗಂಡಿನ ವಿಷಯಕ್ಕೆ, ಬೋರ್‌ವೆಲ್ ಕೊರೆಸುವ ಜಾಗಕ್ಕೆ, ಅಂಗಡಿ ಇಡುವುದಕ್ಕೆ ಎಲ್ಲದಕ್ಕೂ ಕೇಳುತ್ತಾರೆ. ನಾನು ಎಂ.ಎಸ್‌ಸಿ. ಸೇರುವಾಗಲೂ ಅಮ್ಮ ನನಗೆ ಹೇಳದೆ ಕೇಳಿಕೊಂಡು ಬಂದಿದ್ದರು. ಬಲಕ್ಕೆ ಬಂದಿತ್ತಂತೆ.

ಭಾನುವಾರ ಬೆಳಿಗ್ಗೆ ಮೂವರೂ ಹೋದೆವು. ತಮ್ಮ ಬರುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಪೂಜಾರಪ್ಪನವರು ವಯಸ್ಸಾದವರು, ಅಮ್ಮನನ್ನು ಚಿಕ್ಕಂದಿನಿಂದ ಬಲ್ಲವರು.

"ಏನವ್ವ, ಮಗಳ್ ಮದ್ವೆ ವಿಸ್ಯವಾ?"

"ಅಲ್ಲ ಅಯ್ನೋರೆ, ಮಗನ್ ಗಾಡಿ ವಿಸ್ಯ. ಎರಡ್ ಥರ ಎಂಜಿನ್ ಅವಂತೆ. ಯಾವ್ದು ಆಗ್ಬರುತ್ತೆ ಅಂತ."

ಪೂಜಾರಪ್ಪನವರು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಓದ್ ವಾರ ಜೆಸಿಬಿಗ್ ಕೇಳೌರೆ, ಗಾಡಿ ಯಾವ್ ದೊಡ್ದು. ಬಲಕ್ಕೊಂದು ಎಡಕ್ಕೊಂದು ಮನಸ್ನಾಗೆ ಇಕ್ಕಳಿ. ಯಾರ್ ಕೂರ್ತೀರಿ?"

"ನಾನಂತೂ ಟೂ ಯಾವ್ದು ಫೋರ್ ಯಾವ್ದು ಅಂತ ಕಲಸಾಕ್ಬುಡ್ತೀನಿ," ಎಂದರು ಅಮ್ಮ. "ನೀನ್ ಕೂತ್ಕೊಳ್ಲಾ."

"ನಾನ್ ಕೂತ್ರೆ ದೇವ್ರ್ ಮೇಲೆ ಇನ್‌ಫ್ಲುಯೆನ್ಸ್ ಮಾಡ್ದಂಗಾಗುತ್ತೆ ಕಣಮ್ಮ. ಅಕ್ಕ ಕೂತ್ಕೊಳ್ಳಿ. ಅವಳಾದ್ರೆ ಕರೆಕ್ಟಾಗ್ ಕೇಳ್ತಾಳೆ."

ಹಾಗೆ ನಾನು ಕೂತೆ. ಬಲಕ್ಕೆ ಫೋರ್-ಸ್ಟ್ರೋಕ್, ಎಡಕ್ಕೆ ಟೂ-ಸ್ಟ್ರೋಕ್ ಎಂದು ಹೇಳಿಕೊಳ್ಳಬೇಕೆಂದಿದ್ದೆ. ನನಗೆ ಇದರಲ್ಲಿ ನಂಬಿಕೆ ಇದೆಯೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಪೂಜಾರಪ್ಪನವರು ಹೂವು ಇಟ್ಟು ಗಂಟೆ ಬಾರಿಸಿದರು. ಕಣ್ಣು ಮುಚ್ಚಿಕೊಂಡೆ. ಎಂಜಿನ್ ಯಾವುದೂ ಮನಸ್ಸಿಗೆ ಬರಲಿಲ್ಲ. ಬಂಡೆಯ ಪಕ್ಕ ಹ್ಯಾಂಡಲ್ ಒತ್ತಿ ಹಿಡಿದಿದ್ದ ಕೈ ಬಂತು. ಇವನ ಕೈ ಉಳಿಯುತ್ತದೆಯೇ ಎಂದು ಕೇಳಿದೆ. ಮತ್ತೆ ಸರಿಯಾದ ಪ್ರಶ್ನೆಗೆ ಹೋಗಲು ನೋಡಿದೆ. ಮತ್ತೆ ಅದೇ ಬಂತು.

"ಕೊಟ್ಟ! ಬಲಗಡೆ ಕೊಟ್ಟ!" ಎಂದು ಅಮ್ಮ ಕೂಗಿದರು.

ಕಣ್ಣು ಬಿಟ್ಟೆ. ಬಲಭುಜದ ಹೂವು ಪೀಠದ ಮೇಲೆ ಬಿದ್ದಿತ್ತು. ಆ ಕ್ಷಣ ನನಗಾದದ್ದು ಸಂತೋಷ, ಅದರಲ್ಲಿ ಸಂದೇಹವಿಲ್ಲ. ಪೂಜಾರಪ್ಪನವರು ಹೂವನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಯಾವ್ದನ್ನ ಇಟ್ಟಿದ್ದೆ ಬಲಕ್ಕೆ?" ಅಮ್ಮ ನನ್ನ ತೋಳು ಹಿಡಿದು ಕೇಳಿದರು.

ನಾನು ಹೇಳಲೇಬೇಕಾಯಿತು. "ಯಾವ್ದನ್ನೂ ಇಟ್ಟಿರ್ಲಿಲ್ಲಮ್ಮ. ನಾನು ಬೇರೆ ಏನೋ ಕೇಳ್ದೆ."

"ಬೇರೆ ಅಂದ್ರೆ?"

"ಬೇರೆ."

ಅಮ್ಮ ನನ್ನನ್ನು ನೋಡಿದರು. ಪೂಜಾರಪ್ಪನವರ ಕಡೆ ತಿರುಗಿ, "ಇನ್ನೊಂದ್ಸಲ ಇಕ್ಕಿ ಅಯ್ನೋರೆ," ಎಂದರು.

"ಕೊಟ್ಮೇಲೆ ಅವತ್ತೇ ಇನ್ನೊಂದ್ ಕಿತ ಕೆಣಕ್ಬಾರ್ದು ಕಣವ್ವ. ಬರೋ ವಾರ ಬನ್ನಿ."

ಬರುವ ವಾರಕ್ಕೆ ಕುಣಿಗಲ್ಲಿನ ಬೈಕು ಇರುತ್ತಿರಲಿಲ್ಲ. ಅಮ್ಮ ತೆಂಗಿನಕಾಯಿಯ ಹೋಳು, ಬಾಳೆಹಣ್ಣುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಗುಬ್ಬಿಯ ಬಸ್ಸಿನಲ್ಲಿ ಅಮ್ಮನಿಗೆ ಮುಂದೆ ಜಾಗ ಸಿಕ್ಕಿತು. ನಾವಿಬ್ಬರೂ ಹಿಂದೆ ಕೂತೆವು. ರಾಗಿ ಹೊಲಗಳು ಒಂದಾದ ಮೇಲೊಂದು ಹಿಂದಕ್ಕೆ ಹೋಗುತ್ತಿದ್ದವು. ತಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

"ಕೈ ಬಗ್ಗೆ ಕೇಳ್ದಾ?"

ನಾನು ಮುಂದಿನ ಸೀಟಿನಲ್ಲಿದ್ದ ಅಮ್ಮನ ಕಡೆ ನೋಡಿದೆ. ಅವನಿಗೆ ಅಷ್ಟು ಸಾಕಾಯಿತು.

"ಬಲಗಡೆ ಬಂತಲ್ವಾ."

"ನಾನು ಬೈಕ್ ಬಗ್ಗೆ ಕೇಳಿಲ್ಲ ಕಣೋ."

"ಅದಕ್ಕೇ ಅಕ್ಕ. ಬೈಕ್ ಬಗ್ಗೆ ಕೇಳಿದ್ರೆ ಬೈಕ್ ಬಗ್ಗೆ ಹೇಳೋನು. ಕೈ ಉಳಿಯುತ್ತೆ ಅಂದ್ಮೇಲೆ ಯಾವ್ದಾದ್ರೇನು ಬುಡು." ಅವನ ಮುಖ ಹಗುರಾಗಿತ್ತು. ಬಿದ್ದಂದಿನಿಂದ ಅವನೂ ಹೆದರಿದ್ದ ಎನ್ನುವುದು ನನಗೆ ಆಗ, ಆ ಹೆದರಿಕೆ ಬಿಟ್ಟು ಹೋದ ಮೇಲೆ, ತಿಳಿಯಿತು. "ಟೂ-ಸ್ಟ್ರೋಕೇ ತಗೋತೀನಿ. ಮೊದ್ಲಿಂದ್ಲೂ ಅದೇ ಇತ್ತು ಮನಸ್ಸಲ್ಲಿ. ಕೈಗ್ ಹೆದ್ರಿಕೊಂಡು ಆ ಎಮ್ಮೆ ನೋಡಕ್ಕೆ ಹೋಗಿದ್ದು."

ಹೇಳಬೇಕಾದ ಮಾತು ನನ್ನ ಹತ್ತಿರ ಇತ್ತು. ಹೂವು ನಿಲ್ಲುವುದು ನೀರಿನ ಅಂಟಿನಿಂದ. ಒಂದು ಹೂವಿನ ಕೆಳಗೆ ನೀರು ಬೇಗ ಜಾರುತ್ತದೆ, ಇನ್ನೊಂದರ ಕೆಳಗೆ ತಡವಾಗಿ. ಅದಕ್ಕೂ ನಿನ್ನ ಮೂಳೆಗೂ ಏನೂ ಸಂಬಂಧವಿಲ್ಲ. ಇದನ್ನು ನಾನು ತರಗತಿಯಲ್ಲಿ ಯಾವ ಕಷ್ಟವೂ ಇಲ್ಲದೆ ಹೇಳಬಲ್ಲೆ. ಬಸ್ಸಿನಲ್ಲಿ ಹೇಳಲಾಗಲಿಲ್ಲ. ಹೇಳಿದ್ದರೆ ಅವನ ಕೈ ಉಳಿಯುತ್ತದೆ ಎಂದು ಸಿಕ್ಕ ಒಂದೇ ಒಂದು ಮಾತನ್ನೂ ನಾನೇ ವಾಪಸು ತೆಗೆದುಕೊಂಡಂತಾಗುತ್ತಿತ್ತು. ಹೂವು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಬಿಸಾಡಿರಲಿಲ್ಲ. ಅಂಥವಳು ಅವನಿಗೆ ಏನು ಹೇಳುವುದು?

"ಮಣಿಕಟ್ಟಿಗೆ ಬೆಲ್ಟು ಹಾಕ್ಕೊಂಡೇ ಓಡಿಸು," ಎಂದೆ.

"ಹ್ಞೂಂ ಅಕ್ಕ."

ಗುಬ್ಬಿಯಲ್ಲಿ ಮೂವರೂ ಇಳಿದೆವು. ತಮ್ಮ ಮಾತ್ರ ಎದುರಿಗೆ ನಿಂತಿದ್ದ ತುಮಕೂರಿನ ಬಸ್ಸು ಹತ್ತಿದ. ಅಮ್ಮ ಬಸ್ಸು ಮರೆಯಾಗುವವರೆಗೂ ನೋಡಿ, "ಎಲ್ಲಿಗ್ ಹೋದ?" ಎಂದರು. ನಾನು ಹೇಳಿದೆ.

ಮನೆಯವರೆಗೆ ನಡೆದು ಬರುವಾಗ ಅಮ್ಮ ಒಂದೇ ಒಂದು ಸಲ ಮಾತಾಡಿದರು. "ಬಲಗಡೆ ಫೋರ್ ಇಟ್ಟಿದ್ದೆ ಅಂತ ಅಂದ್ಬುಡದಲ್ವೇನೆ ನೀನು? ದೇವ್ರೇನ್ ಎದ್ ಬಂದು ಇಲ್ಲ ಅಂತಿದ್ನಾ?"

ಅಷ್ಟು ಭಕ್ತಿಯ ಅಮ್ಮನ ಬಾಯಲ್ಲಿ ಆ ಮಾತು ಕೇಳಿ ನಾನು ಬೆಚ್ಚಿದೆ. ಆದರೆ ಫೋರ್ ಎಂದು ಸುಳ್ಳು ಹೇಳಬೇಕಾದರೂ ಅದೇ ಸರಿ ಎಂದು ನನಗೆ ಗೊತ್ತಿರಬೇಕಿತ್ತು. ಬಂಡೆಯ ಪಕ್ಕದಲ್ಲಿ ಆ ಕೈ ನಡುಗಿದ್ದನ್ನು ಅಮ್ಮ ನೋಡಿರಲಿಲ್ಲ.

ಸಂಜೆ ಬೈಕು ಬಂತು. ಕಾಂಪೌಂಡು ದಾಟುವ ಮೊದಲೇ ಅದರ ಸದ್ದು ಕೇಳಿಸಿತು. ಅಮ್ಮ ಕುಂಕುಮ, ಹೂವು, ನಿಂಬೆಹಣ್ಣು ತಂದರು. ಹ್ಯಾಂಡಲಿಗೆ ಹೂವು ಸುತ್ತುವಾಗ ಎಡಗಡೆಗೆ ಸ್ವಲ್ಪ ಹೆಚ್ಚೇ ಸುತ್ತಿದರು. ಕ್ಲಚ್ಚಿಗೆ ಸಿಕ್ಕಿಕೊಳ್ಳುತ್ತದೆ ಎಂದು ತಮ್ಮ ಅದನ್ನು ಬಲಗಡೆಗೆ ಸರಿಸಿದ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ. ಅಪ್ಪ ಅಂಗಡಿಯಿಂದ ಬಂದು ಎಂಜಿನ್ ಸದ್ದಿಗೆ ತಲೆದೂಗಿ, "ನಮ್ ಕಾಲದ್ ಗಾಡಿ ಕಣೋ ಇದು," ಎಂದರು. ಅಮ್ಮ ನೋಡಿದ ರೀತಿಗೆ ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

"ಮಿಕ್ಸು ಕೊಟ್ರಾ?" ಎಂದು ತಮ್ಮನನ್ನು ಕೇಳಿದೆ.

"ಇವತ್ತಿಗಾಗೋಷ್ಟು ಇತ್ತು. ಖಾಲಿ. ನಾಳೆ ತೋಟದ್ ಕ್ಯಾನಿಂದ ಹಾಕೊತೀನಿ, ಅದೂ ಮಿಕ್ಸೇ ಅಲ್ವಾ."

ತೋಟದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಇದೆ, ಅದೂ ಟೂ-ಸ್ಟ್ರೋಕೇ. ಅದಕ್ಕೆಂದು ಅಪ್ಪ ಒಂದು ಕ್ಯಾನಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಇಟ್ಟಿರುತ್ತಾರೆ. ನಮ್ಮ ಕಡೆ ತೋಟ ಇರುವ ಮನೆಗಳಲ್ಲೆಲ್ಲ ಅಂಥದ್ದೊಂದು ಕ್ಯಾನು ಇರುತ್ತದೆ, ಎಲ್ಲರೂ ಬೆರೆಸುವುದು ಕಣ್ಣಂದಾಜಿನಲ್ಲಿ. ಎಣ್ಣೆ ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಮೆಷಿನ್ ನಿಲ್ಲುತ್ತದೆ. ಕೈಯಲ್ಲಿ ಹಿಡಿದ ಮೆಷಿನ್ ನಿಂತರೆ ಯಾರಿಗೂ ಏನೂ ಆಗುವುದಿಲ್ಲ. ಅಪ್ಪನ ಕಣ್ಣಂದಾಜಿನ ಮೇಲೆ ಗುಡ್ಡ ಇಳಿಯುವುದು ಬೇರೆ.

ಮರುದಿನ ಸೋಮವಾರ. ಎಲ್ಲರಿಗಿಂತ ಮೊದಲು ಎದ್ದು ತೋಟದ ಮೂಲೆಯ ಶೆಡ್ಡಿಗೆ ಹೋದೆ. ಅಪ್ಪನ ಕ್ಯಾನಿನಲ್ಲಿದ್ದದ್ದನ್ನು ಹುಲ್ಲಿನ ಮೆಷಿನ್ನಿಗೆ ತುಂಬಿಸಿದೆ. ಇನ್ನೊಂದು ಕ್ಯಾನು ಹುಡುಕಿ ಒರೆಸಿದೆ. ತಮ್ಮ ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ತಂದಿದ್ದ ದೊಡ್ಡ ಸಿರಿಂಜು, ಸೂಜಿಯಿಲ್ಲದ್ದು, ನನ್ನ ಬೀರುವಿನಲ್ಲಿತ್ತು. ಪೇಟೆಯ ಸ್ಪೇರ್‌ಪಾರ್ಟ್ಸ್ ಅಂಗಡಿ ಬಾಗಿಲು ತೆಗೆಯುತ್ತಿದ್ದಂತೆ ಟೂ-ಸ್ಟ್ರೋಕ್ ಎಣ್ಣೆ, ಬಂಕಿನಿಂದ ಪೆಟ್ರೋಲು ತಂದೆ. ಸಿರಿಂಜಿನ ಗೆರೆಗೆ ಕಣ್ಣು ಸಮ ಮಾಡಿ, ಗಾಳಿಯ ಗುಳ್ಳೆ ಬಿಟ್ಟು, ಲೀಟರಿಗೆ ಮೂವತ್ತರಂತೆ ಅಳೆದು ಹಾಕಿ, ಕ್ಯಾನಿನ ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿದೆ. ಅವನ ಕೈಯಲ್ಲಿ ಆ ಮುಚ್ಚಳ ತೆಗೆಯಲಾಗುವುದಿಲ್ಲ ಎಂದು ನೆನಪಾಗಿ, ಮತ್ತೆ ಸ್ವಲ್ಪ ಸಡಿಲ ಮಾಡಿದೆ. ಎರಡು ಕ್ಯಾನುಗಳೂ ಬೇರೆಯಾಗಿ ಕಾಣಲಿ ಎಂದು ಇದರ ಹಿಡಿಗೆ ಅಮ್ಮನ ಹಳೆಯ ಸೀರೆಯ ಕೆಂಪು ಅಂಚು ಕಟ್ಟಿದೆ.

ಆಮೇಲೆ ಬೈಕಿನ ಹತ್ತಿರ ಹೋದೆ. ಹ್ಯಾಂಡಲಿನ ಹೂವು ಬಾಡಿತ್ತು. ಎಡಗೈಯ ಎರಡು ಬೆರಳಲ್ಲಿ ಕ್ಲಚ್ ಎಳೆದೆ. ಬಂತು. ಮೆಕ್ಯಾನಿಕ್ ಹೇಳಿದ್ದ ಹಾಗೆ ಒಂದೇ ಬೆರಳಲ್ಲಿ ಎಳೆದೆ. ಬರಲಿಲ್ಲ. ನನ್ನ ಕೈಯಲ್ಲಿ ಪಟ್ಟಿಯೂ ಇಲ್ಲ, ಸ್ಕ್ರೂಗಳೂ ಇಲ್ಲ. ಇನ್ನೊಂದು ಸಲ ಎಳೆದೆ. ಒಳಗೆ ಅಮ್ಮ ಕಾಫಿಗೆ ಕರೆದರು. ಬೆರಳನ್ನು ಲಿವರ್ ಮೇಲೆಯೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕೈಯ ಎಣ್ಣೆ ತೊಳೆದುಕೊಂಡು ಕಾಲೇಜಿನ ಬಸ್ಸಿಗೆ ಹೊರಟೆ.